ಚುಕ್ಕಾಣಿಯ ನಟ್ಟಿಗಿಟ್ಟ ಕುಂಕುಮ

ನನ್ನ ಗಂಡ ತೀರಿಕೊಂಡ ವರ್ಷ ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ ಹಿಮ ಬೇಗ ಬಿತ್ತೋ ತಡವಾಗಿ ಬಿತ್ತೋ ನನಗೆ ನೆನಪಿಲ್ಲ. ನೆನಪಿರುವುದು ಸೂಪು. ಅಕ್ಕಪಕ್ಕದ ಮನೆಯವರು ಮುಚ್ಚಳವಿರುವ ಡಬ್ಬಿಗಳಲ್ಲಿ ಸೂಪು ತಂದು ಬಾಗಿಲಲ್ಲಿ ಕೊಟ್ಟು, ಒಂದು ಮಾತೂ ಕೇಳದೆ ಹೊರಟುಬಿಡುತ್ತಿದ್ದರು. ಗೋಥೆನ್‌ಬರ್ಗಿನ ನಮ್ಮ ಕನ್ನಡದವರು ಬಂದು ಎಲ್ಲವನ್ನೂ ಕೇಳುತ್ತಿದ್ದರು. ಎರಡೂ ಒಂದೇ ಅನ್ನಿಸಿತು. ಇಬ್ಬರಿಗೂ ಪರವಾಗಿಲ್ಲ ಎನ್ನುತ್ತಿದ್ದೆ. ನಮ್ಮವರು ವಿಮಾನದ ಇಂಜಿನ್ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್. ನವೆಂಬರಿನ ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೊರಟವರ ಹೃದಯ ಬಸ್‌ಸ್ಟಾಪಿನಲ್ಲಿ ನಿಂತುಹೋಯಿತು. ಈ ದೇಶದಲ್ಲಿ ಸತ್ತವರನ್ನು ಕಳಿಸಿಕೊಡಲು ಅವಸರವಿಲ್ಲ. ಸಂಸ್ಕಾರಕ್ಕೆ ವಾರಗಟ್ಟಲೆ ಕಾಯಬೇಕು. ಕಾದೆ. ಕಾಯುತ್ತಲೇ ದಾಗಿಸ್‌ಗೆ, ಅಂದರೆ ನಾನು ಕೆಲಸ ಮಾಡುವ ಪುರಸಭೆಯ ಶಿಶುವಿಹಾರಕ್ಕೆ ಹೋಗಿ ಮಕ್ಕಳ ಬೂಟು ಬಿಚ್ಚಿದೆ, ಹಾಕಿದೆ.

ಅಳು ಬರಲಿಲ್ಲ. ಅತ್ತೆ ಫೋನಿನಲ್ಲಿ ಅತ್ತರು, ನಾನು ಕಾಲಿಂಗ್ ಕಾರ್ಡಿನಲ್ಲಿ ಇನ್ನೆಷ್ಟು ನಿಮಿಷ ಉಳಿದಿದೆ ಎಂದು ಯೋಚಿಸುತ್ತಿದ್ದೆ. "ದೇವರ ಮುಂದಿರೋ ಕುಂಕುಮದ ಭರಣಿ ತೆಗೆದಿಡಮ್ಮ, ಕಣ್ಣಿಗೆ ಬಿದ್ರೆ ಸಂಕಟ ಆಗತ್ತೆ ನಿಂಗೆ," ಎಂದರು. ಸಂಕಟವೇನೂ ಆಗುತ್ತಿರಲಿಲ್ಲ. ಆದರೂ ತೆಗೆದು ಅಡಿಗೆಮನೆಯ ಕಪಾಟಿನಲ್ಲಿ ಇಂಗಿನ ಡಬ್ಬಿಯ ಹಿಂದಿಟ್ಟೆ. ಬಹಳ ಹೊತ್ತು ಒಂದೇ ಕಡೆ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ನಾನು ಪೂರ್ತಿ ಜೋಮು ಹಿಡಿದಿದ್ದೆ.

ನಮ್ಮವರಿಗೆ ಒಂದು ದೋಣಿಯ ಹುಚ್ಚಿತ್ತು. ನಾನದನ್ನು ಸವತಿ ಎಂದೇ ಕರೆಯುತ್ತಿದ್ದೆ. ಶನಿವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು, ಹಳೆಯ ಪ್ಯಾಂಟು ಹಾಕಿಕೊಂಡು, ನದಿಯಾಚೆಯ ಶೆಡ್ಡಿಗೆ ಹೋದರೆ ಬರುವುದು ಸಂಜೆಗೆ. ಮೈಯೆಲ್ಲ ವಾರ್ನಿಷ್ ವಾಸನೆ. ಶೆಡ್ಡು ಅವರದೇ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದ ಒಬ್ಬ ಸ್ವೀಡಿಷ್ ಮುದುಕರದು. ಇವರು "ನಮ್ ಅಜ್ಜ" ಎನ್ನುತ್ತಿದ್ದರು, ನಾನೂ ಅಜ್ಜ ಎಂದೇ ಹೇಳುತ್ತೇನೆ. ಆರಡಿ ದಾಟಿದ ಆಳು, ಬಾಗಿಲಿನಷ್ಟು ಅಗಲ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಅದೊಂದು ಡ್ರ್ಯಾಗ್ ಬೋಟ್, ಓಟದ ಪಂದ್ಯದ ದೋಣಿ. ಹಾಗೆಂದರೆ ಏನೆಂದು ನನಗೆ ಬೇಕೋ ಬೇಡವೋ ಊಟದ ಹೊತ್ತಿಗೆಲ್ಲ ಪಾಠವಾಗುತ್ತಿತ್ತು. ಅದು ಸುತ್ತಾಡುವುದಕ್ಕಾಗಿ ಮಾಡಿದ ದೋಣಿಯಲ್ಲ, ಮೀನು ಹಿಡಿಯುವುದಕ್ಕೂ ಅಲ್ಲ. ಒಂದು ಗೆರೆಯಿಂದ ಇನ್ನೊಂದು ಗೆರೆಗೆ, ನೇರ, ಕೆಲವೇ ಕ್ಷಣ. ಆಮೇಲೆ ಮುಗಿಯಿತು. ಕ್ಯಾಲಿಫೋರ್ನಿಯಾದಲ್ಲಿ ಕಾರು ರಿಪೇರಿಯವರೂ ಬಡಗಿಗಳೂ ಸೇರಿ ಮನೆಯ ಗ್ಯಾರೇಜುಗಳಲ್ಲಿ ಇಂಥವನ್ನು ಮಾಡುತ್ತಿದ್ದರಂತೆ. ಚಪ್ಪಟೆ ತಳದ ಪ್ಲೈವುಡ್ ದೋಣಿ, ಅದರ ಮೇಲೆ ದೊಡ್ಡ ಕಾರಿನ ಇಂಜಿನ್, ಅದರ ಮುಂದೆ ಒಂದು ಸೀಟು. ಬೆಲ್ಟಿಲ್ಲ, ಮುಚ್ಚಿಗೆಯಿಲ್ಲ. ಅನಾಹುತವಾದರೆ ಮನುಷ್ಯ ದೋಣಿಯಿಂದ ದೂರ ಹೋಗಿ ಬೀಳುವುದೇ ಕ್ಷೇಮ ಎಂದು ಆಗ ನಂಬಿದ್ದರಂತೆ. "ಸೀಟ್ ಬೆಲ್ಟ್ ಇಲ್ದೇ ಇರೋದೇ ಅದರ ಸೇಫ್ಟಿ ಕಣೇ," ಎಂದು ಇವರು ಕಣ್ಣರಳಿಸಿ ಹೇಳಿದಾಗ, ಗಂಡಸರಿಗೆ ಬುದ್ಧಿ ಬರುವುದು ಯಾವಾಗ ಎಂದುಕೊಂಡು ಸಾರು ಬಡಿಸಿದ್ದೆ.

ಅಜ್ಜನ ಅಣ್ಣ ಸರಕುಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಹಿಂದೆಂದೋ ಅಂಥದೊಂದು ದೋಣಿಯನ್ನು ಹಡಗಿಗೆ ಹಾಕಿಕೊಂಡು ಊರಿಗೆ ತಂದು, ನಾಲ್ಕು ಬೇಸಿಗೆ ಓಡಿಸಿ, ಹಳ್ಳಿಯ ಕೊಟ್ಟಿಗೆಯೊಂದರಲ್ಲಿ ಟಾರ್ಪಾಲು ಹೊದಿಸಿ ಮರೆತರು. ಅದರೊಳಗೆ ಕೋಳಿಗಳು ಸಂಸಾರ ಮಾಡಿದವು. ಅಣ್ಣ ಸತ್ತ ಮೇಲೆ ಅಜ್ಜ ಅದನ್ನು ತಂದು ಶೆಡ್ಡಿನಲ್ಲಿಟ್ಟರು. ಒಂದು ಸಲ ನೀರಿನ ಮೇಲೆ ಓಡಿಸಬೇಕು, ತಾನೇ ಕೂತು ಓಡಿಸಬೇಕು ಎನ್ನುವುದೊಂದೇ ಅವರ ಆಸೆ.

ರಿಪೇರಿಯಲ್ಲಿ ಅಜ್ಜನದು ಒಂದೇ ನಿಯಮ. ಉಳಿಯುವುದನ್ನು ಬಿಸಾಡಬಾರದು. ಕೊಳೆತ ಪ್ಲೈವುಡ್ಡನ್ನು ಅಂಗೈಯಗಲ ಕತ್ತರಿಸಿ, ಅಷ್ಟೇ ಅಗಲದ ಹೊಸ ತುಂಡನ್ನು ಓರೆಯಾಗಿ ಕೂರಿಸಿ ಅಂಟಿಸುವುದು. ಹಳೆಯ ಬಣ್ಣದ ಒಂದು ಚೂರು ಗಟ್ಟಿಯಾಗಿದ್ದರೂ ಅದನ್ನು ಬಿಟ್ಟು ಸುತ್ತ ಉಜ್ಜುವುದು. ದೋಣಿಯ ಹಿಂಭಾಗದ ಒಳಗೆ, ಚುಕ್ಕಾಣಿಯನ್ನೂ ಪ್ರೊಪೆಲರಿನ ದಂಡವನ್ನೂ ಬಿಗಿದಿರುವ ಇಕ್ಕಟ್ಟಿನಲ್ಲಿ ಅಜ್ಜನ ಭುಜ ಹಿಡಿಸುತ್ತಿರಲಿಲ್ಲ. ನಮ್ಮವರದು ಸಣಕಲು ಮೈ. ಅಂಗಾತ ಮಲಗಿ ತೆವಳಿಕೊಂಡು ಒಳಗೆ ಹೋಗುತ್ತಿದ್ದರು. ಆ ಭಾಗದ ನಟ್ಟುಬೋಲ್ಟುಗಳೆಲ್ಲ ಅವರ ಕೈಯವೇ.

ಅವರು ಹೋಗುವ ಮುಂಚಿನ ಆಯುಧಪೂಜೆ ಶನಿವಾರ ಬಂದಿತ್ತು. ಇವರಿಗೆ ಆ ದಿನ ಬಂದರೆ ಕೈ ನಿಲ್ಲುತ್ತಿರಲಿಲ್ಲ. ಫ್ರಿಜ್ಜಿಗೆ ಕುಂಕುಮ, ವಾಷಿಂಗ್ ಮೆಷಿನ್ನಿಗೆ ಕುಂಕುಮ, ಲ್ಯಾಪ್‌ಟಾಪಿಗೆ ಕುಂಕುಮ. ನನ್ನ ಹೊಲಿಗೆ ಕತ್ತರಿಯನ್ನೂ ಬಿಡಲಿಲ್ಲ. ಆಮೇಲೆ ಅಡಿಗೆಮನೆಗೆ ಬಂದರು.

"ಏನೇ, ಸ್ವಲ್ಪ ಕುಂಕುಮಾನ ಎಣ್ಣೇಲಿ ಕಲಸಿ ಕೊಡ್ತೀಯಾ? ದೋಣಿಗೂ ಇಟ್ಟು ಬರ್ತೀನಿ."

"ಅಜ್ಜ ಏನಂತಾರೆ ರೀ?"

"ಅಜ್ಜ ಇವತ್ತು ಕಣ್ಣಿನ ಡಾಕ್ಟ್ರ ಹತ್ರ ಹೋಗಿದಾರೆ. ಬರೋಷ್ಟರಲ್ಲಿ ಇಟ್ಬಿಡ್ತೀನಿ. ಅವರಿಗೆಲ್ಲ ಎಲ್ಲಿ ಎಕ್ಸ್‌ಪ್ಲೇನ್ ಮಾಡೋದು, ನಾಚ್ಕೆ ಆಗತ್ತೆ."

ಕ್ಯಾಮೆರಾ ರೀಲಿನ ಖಾಲಿ ಡಬ್ಬಿಯಲ್ಲಿ ಕಲಸಿಕೊಟ್ಟೆ. ಅದಾದ ಮೇಲೆ ಅವರು ಶೆಡ್ಡಿಗೆ ಹೋದದ್ದು ಕಡಿಮೆ. ಆಫೀಸಿನ ಕೆಲಸ ಹೆಚ್ಚಾಯಿತು, ನೆಗಡಿ ಬಂತು, ನವೆಂಬರ್ ಬಂತು.

ಏಪ್ರಿಲಿನಲ್ಲಿ ಅಜ್ಜ ಬಾಗಿಲಿಗೆ ಬಂದರು. ಮೊದಲೇ ಫೋನು ಮಾಡದೆ ಈ ದೇಶದಲ್ಲಿ ಯಾರೂ ಯಾರ ಬಾಗಿಲಿಗೂ ಬರುವುದಿಲ್ಲ, ಅದಕ್ಕೇ ಏನೋ ಆಗಿದೆ ಎಂದುಕೊಂಡೆ. ಟೋಪಿ ತೆಗೆದು, "ದೋಣಿ ಮುಗಿಯಿತು. ಮುಂದಿನ ಶನಿವಾರ ನೀರಿಗೆ. ಅದಕ್ಕೆ ಮೊದಲು ನೀನು ನೋಡಬೇಕು," ಎಂದರು. ಹೋಗಲು ಮನಸ್ಸಿರಲಿಲ್ಲ. ಹೋಗದಿರಲೂ ಮನಸ್ಸಿರಲಿಲ್ಲ. ಜಾಕೆಟ್ ಹಾಕಿಕೊಂಡೆ.

ಶೆಡ್ಡಿನಲ್ಲಿ ಅದು ಎರಡು ಮರದ ಆಸರೆಗಳ ಮೇಲೆ ಕೂತಿತ್ತು. ಜೇನಿನ ಬಣ್ಣ, ಮುಖ ಕಾಣುವಷ್ಟು ಹೊಳಪು. ಸವತಿ ಚೆನ್ನಾಗಿದ್ದಾಳೆ ಎಂದುಕೊಂಡೆ, ಅಷ್ಟೇ. ಅಜ್ಜ ಟಾರ್ಚು ಹಿಡಿದು ಹಿಂಭಾಗದ ಒಳಗೆ ಬೆಳಕು ಬಿಟ್ಟರು. ಇಕ್ಕಟ್ಟಿನೊಳಗೆ, ಒಂದೊಂದು ನಟ್ಟಿನ ಮೇಲೂ ಒಂದೊಂದು ಕೆಂಪು ಬೊಟ್ಟು. ಉಂಗುರದ ಬೆರಳಿನದು. ಒಂದೆರಡರಲ್ಲಿ ಬೆರಳಿನ ಗೆರೆಗಳೂ ಕಾಣುತ್ತಿದ್ದವು.

"ಇವು ಅವನ ಗುರುತುಗಳು," ಎಂದರು ಅಜ್ಜ. "ಕಾರ್ಖಾನೆಯಲ್ಲಿ ನಟ್ಟು ಬಿಗಿದು ಪರೀಕ್ಷೆ ಮಾಡಿದ ಮೇಲೆ ಕೆಂಪು ಬಣ್ಣ ಹಚ್ಚುತ್ತೇವೆ. ನಾನು ಹೊಸಬರಿಗೆಲ್ಲ ಅದನ್ನೇ ಕಲಿಸಿದ್ದು. ಕೆಂಪು ಇದ್ದರೆ ಆಯಿತು ಎಂದರ್ಥ, ಮತ್ತೆ ಮುಟ್ಟಬಾರದು. ಅವನು ಎಲ್ಲವನ್ನೂ ಮುಗಿಸಿ ಹೋಗಿದ್ದಾನೆ. ನಾನು ಒಂದನ್ನೂ ಮುಟ್ಟಿಲ್ಲ."

ಅವರ ದನಿಯಲ್ಲಿ ಹೆಮ್ಮೆಯಿತ್ತು. ನನಗೆ ಉಡುಗೊರೆ ಕೊಡುತ್ತಿದ್ದೇನೆ ಎಂದುಕೊಂಡಿದ್ದರು.

ನಾನು ನೋಡುತ್ತ ನಿಂತೆ. ಅದು ನಾನು ಕಲಸಿಕೊಟ್ಟ ಕುಂಕುಮ. ಇವರು ಕೈಗೆ ಸಿಕ್ಕಿದ್ದಕ್ಕೆಲ್ಲ ಇಟ್ಟಿದ್ದಾರೆ. ಫ್ರಿಜ್ಜಿಗೆ ಕುಂಕುಮವಿಟ್ಟವರು ಫ್ರಿಜ್ಜನ್ನು ಪರೀಕ್ಷೆ ಮಾಡಿದ್ದರೇ? ಮುಂದಿನ ಶನಿವಾರ ಈ ಮನುಷ್ಯ ಬೆಲ್ಟಿಲ್ಲದ ಸೀಟಿನಲ್ಲಿ ಕೂತು, ನನ್ನ ಗಂಡನ ದೇವರ ಭಕ್ತಿಯನ್ನು ನಂಬಿಕೊಂಡು ಹೊರಡುತ್ತಾರೆ. ಹೇಳಿದರೆ ಒಂದೊಂದಕ್ಕೂ ಸ್ಪ್ಯಾನರ್ ಹಾಕಬೇಕು, ಹಾಕಿದರೆ ಆ ಬೊಟ್ಟುಗಳು ಅಳಿಸಿಹೋಗುತ್ತವೆ. ನಮ್ಮವರ ಬೆರಳು ಈ ಭೂಮಿಯ ಮೇಲೆ ಉಳಿದಿದ್ದ ಜಾಗ ಅದೊಂದೇ. ಇದೆಲ್ಲ ತಲೆಗೆ ಹೊಳೆಯಿತು. ಎದೆಯಲ್ಲಿ ಮಾತ್ರ ಏನೂ ಆಗಲಿಲ್ಲ.

ನನ್ನ ಸ್ವೀಡಿಷ್ ದಾಗಿಸ್‌ನಲ್ಲಿ ಕಲಿತದ್ದು, ಮೂರು ವರ್ಷದ ಮಕ್ಕಳ ಮಟ್ಟದ್ದು. ಹಾಗೇ ಹೇಳಿದೆ.

"ಇದು ಬಣ್ಣ ಅಲ್ಲ. ದೇವರದು. ವರ್ಷಕ್ಕೊಂದು ದಿನ ನಾವು ಯಂತ್ರಗಳಿಗೆ ನಮಸ್ಕಾರ ಮಾಡಿ ಇದನ್ನು ಇಡುತ್ತೇವೆ. ಬಿಗಿಯಾಗಿದೆಯೋ ಇಲ್ಲವೋ, ಇಡುತ್ತೇವೆ."

ಅಜ್ಜ ಟಾರ್ಚು ಆರಿಸಿದರು. "ಕಾಫಿ ಕುಡಿಯೋಣ," ಎಂದರು. ಇಲ್ಲಿಯವರಿಗೆ ಮನೆ ಹೊತ್ತಿ ಉರಿದರೂ ಮೊದಲು ಫೀಕಾ, ಅಂದರೆ ಕಾಫಿ ತಿಂಡಿ, ಆಗಬೇಕು. ಫ್ಲಾಸ್ಕಿನ ಕಾಫಿ, ದಾಲ್ಚಿನ್ನಿ ಬನ್ನು. ಕುಡಿದಾದ ಮೇಲೆ ಅವರು ತಮ್ಮ ಭುಜ ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು. ನಾನೂ ಸಣಕಲೇ.

ಟಾರ್ಕ್ ರೆಂಚ್ ಎನ್ನುವುದನ್ನು ಅಂದೇ ನಾನು ಮೊದಲು ಹಿಡಿದದ್ದು. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಅದನ್ನು ಹೊಂದಿಸಿಟ್ಟಿರುತ್ತಾರೆ. ನಟ್ಟು ಅಷ್ಟು ಬಿಗಿಯಿದ್ದರೆ ತಿರುಗಿಸಿದ ಕೂಡಲೇ ಟಕ್ ಎನ್ನುತ್ತದೆ. ಅಂಗಾತ ಮಲಗಿ ತೆವಳಿದೆ. ಇದು ಅವರು ಮಲಗುತ್ತಿದ್ದ ಜಾಗ, ಏನಾದರೂ ಅನ್ನಿಸಬೇಕಿತ್ತು. ಬೆನ್ನು ತಣ್ಣಗಾಯಿತು. ಮೊದಲ ನಟ್ಟಿಗೆ ರೆಂಚು ಕೂರಿಸಿದೆ, ಕುಂಕುಮ ಉದುರಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಟಕ್. "ಸರಿ," ಎಂದರು ಹೊರಗಿನಿಂದ ಅಜ್ಜ. ಇನ್ನೊಂದು. ಟಕ್. "ಸರಿ." ಒಂದಾದ ಮೇಲೊಂದು ಬೊಟ್ಟು ಅಳಿಸುತ್ತ ಹೋದೆ, ಮಕ್ಕಳ ಮೂಗು ಒರೆಸಿದ ಹಾಗೆ. ಎಲ್ಲವೂ ಬಿಗಿ. ಮಾಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಯೇ ಬೊಟ್ಟಿಟ್ಟಿದ್ದರು.

ಕೊನೆಗೆ ಒಂದೇ ಉಳಿಯಿತು, ಚುಕ್ಕಾಣಿಯ ಬುಡದ್ದು. ಬೆರಳಿನ ಗೆರೆಗಳು ಎಲ್ಲಕ್ಕಿಂತ ಸ್ಪಷ್ಟವಾಗಿದ್ದದ್ದು ಅದರ ಮೇಲೆ.

ಅಜ್ಜ ಬಗ್ಗಿ ನೋಡಿ, "ಅದನ್ನು ಬಿಡು," ಎಂದರು. "ಮಿಕ್ಕದ್ದೆಲ್ಲ ಸರಿಯಿದೆ. ಅದೂ ಸರಿಯಿರುತ್ತದೆ. ಅದು ನಿನಗಿರಲಿ."

ಅಷ್ಟು ಕರುಣೆಯ ಮಾತನ್ನು ಆ ಚಳಿಗಾಲದಲ್ಲಿ ನನಗೆ ಯಾರೂ ಆಡಿರಲಿಲ್ಲ. ಬಿಟ್ಟುಬಿಡಬಹುದಿತ್ತು. ಆದರೆ ಒಳಗೆ ತೆವಳುವ ಮೊದಲು ಅವರ ದೊಡ್ಡ ಬೂಟುಗಳು ಕಣ್ಣಿಗೆ ಬಿದ್ದಿದ್ದವು, ಒಂದರ ದಾರ ಬಿಚ್ಚಿಕೊಂಡಿತ್ತು. "ಬೇಡ," ಎಂದು ರೆಂಚು ಹಾಕಿದೆ.

ಟಕ್ ಎನ್ನಲಿಲ್ಲ. ಇನ್ನಷ್ಟು ತಿರುಗಿಸಿದೆ, ತಿರುಗಿತು. ರೆಂಚು ತೆಗೆದು ಬೆರಳಿಂದ ಹಿಡಿದರೆ ಬಾಟಲಿಯ ಮುಚ್ಚಳದಂತೆ ಸುಮ್ಮನೆ ತಿರುಗಿತು. ಕೈಯಲ್ಲಿ ಕೂರಿಸಿಟ್ಟು, ಆಮೇಲೆ ಬಿಗಿಯೋಣ ಎಂದು ಬಿಟ್ಟುಹೋಗಿದ್ದರು.

ಆಗ ಸಿಟ್ಟು ಬಂತು. ಎಲ್ಲಿತ್ತೋ ಅಷ್ಟು ದಿನ. ಆ ಇಕ್ಕಟ್ಟಿನಲ್ಲಿ ಮಲಗಿಕೊಂಡೇ ಕಿರುಚಿದೆ. "ಏನ್ರೀ ಇದು? ಗ್ಯಾಸ್ ಆಫ್ ಆಗಿದ್ಯಾ ಅಂತ ಮೂರು ಮೂರು ಸಲ ನೋಡ್ತಿದ್ರಿ, ಬಾಗ್ಲು ಬೀಗ ಎಳೆದೆಳೆದು ನೋಡ್ತಿದ್ರಿ, ಇದೊಂದು ನಟ್ಟು ನೋಡಕ್ಕೆ ಆಗ್ಲಿಲ್ವಾ? ಅರ್ಧಂಬರ್ಧ ಬಿಟ್ಟು ಹೋಗ್ತಾರೇನ್ರೀ ಯಾರಾದ್ರೂ? ಹೇಳದೆ ಕೇಳದೆ ಹೋಗ್ಬಿಟ್ರಲ್ಲ, ನಾನೇನು ಮಾಡ್ಲಿ ಈಗ?" ದೋಣಿಯೊಳಗೆ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಮೂಗು ಕಟ್ಟಿತು, ಕಣ್ಣೀರು ಕಿವಿಯೊಳಗೆ ಇಳಿಯಿತು. ಸೂಪು ತಂದವರಿಗೂ ಅತ್ತೆಗೂ ಕೊಡಲಾಗದ ಅಳು, ಒಂದು ಸಡಿಲ ನಟ್ಟಿಗೆ ಬಂತು.

ಅಜ್ಜನಿಗೆ ಒಂದಕ್ಷರವೂ ಅರ್ಥವಾಗಿರಲಾರದು. ಅವರು ಟಾರ್ಚನ್ನು ಅಲುಗಾಡಿಸದೆ ಹಿಡಿದು ನಿಂತಿದ್ದರು. ನಾನು ಮುಗಿಸಿದ ಮೇಲೆ, "ಈಗ ಬಿಗಿ ಮಾಡು," ಎಂದರು. ಮಾಡಿದೆ. ಟಕ್. ಬಣ್ಣದ ಸಣ್ಣ ಶೀಸೆಯನ್ನು ಒಳಗೆ ದಾಟಿಸಿದರು, ಅವರು ಹೇಳಿದ ಹಾಗೆ ನಟ್ಟಿಗೂ ಬೋಲ್ಟಿಗೂ ಅಡ್ಡಲಾಗಿ ಕೆಂಪು ಗೆರೆ ಎಳೆದೆ. ಹೊರಗೆ ಬಂದು ಕೈ ಒರೆಸಿಕೊಳ್ಳುವಾಗ ಅವರು ಕೇಳಿದರು.

"ಆ ದೇವರದು. ನೀರಿಗೆ ಇಳಿಸುವ ಮೊದಲು ಅದು ಬೇಡವೇ?"

ಶನಿವಾರ ಇಂಗಿನ ಡಬ್ಬಿಯ ಹಿಂದಿನಿಂದ ಭರಣಿ ತೆಗೆದು ಜಾಕೆಟ್ ಜೇಬಿನಲ್ಲಿಟ್ಟುಕೊಂಡು ವೇನರ್ನ್ ಸರೋವರದ ದಡಕ್ಕೆ ಹೋದೆ. ಗಾಳಿಯಿತ್ತು, ಹಳೆಯ ದೋಣಿಗಳ ಹುಚ್ಚಿನವರು ನಾಲ್ಕೈದು ಜನ ಥರ್ಮಾಸ್ ಹಿಡಿದು ನಿಂತಿದ್ದರು. ನಾನು ಮತ್ತೆ ಹಿಂಭಾಗಕ್ಕೆ ತೆವಳಿ, ಚುಕ್ಕಾಣಿಯ ನಟ್ಟಿಗೆ ಕೆಂಪು ಗೆರೆಯ ಪಕ್ಕದಲ್ಲೇ ಬೊಟ್ಟಿಟ್ಟೆ. ಬೇರೆಯವರಿಗೆ ಕುಂಕುಮವಿಟ್ಟು ಬೆರಳಲ್ಲಿ ಮಿಕ್ಕದ್ದನ್ನು ನಮ್ಮ ಕಡೆಯ ಹೆಂಗಸರು ಎಲ್ಲಿ ಒರೆಸಿಕೊಳ್ಳುತ್ತಾರೋ, ಕೈ ತಾನಾಗಿ ಅಲ್ಲಿಗೆ ಹೋಗಿತ್ತು. ನನಗದು ಆಮೇಲೆ ಗೊತ್ತಾಯಿತು.

ಇಂಜಿನ್ ಶುರುವಾದಾಗ ಅದರ ಸದ್ದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಬಡಿಯಿತು. ದೋಣಿ ಮೂತಿ ಎತ್ತಿ ಹೊರಟಿತು, ನೇರ, ನಾನು ನಟ್ಟುಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಮುಗಿಸುವ ಮೊದಲೇ ಓಟ ಮುಗಿಯಿತು. ಇಷ್ಟಕ್ಕಾಗಿ ಅಷ್ಟು ಶನಿವಾರಗಳು. ದೂರದಲ್ಲಿ ಅದು ನಿಧಾನವಾಗಿ ತಿರುಗಿ, ಸಾಮಾನ್ಯ ದೋಣಿಯಂತೆ ಗುಡುಗುಡು ಎನ್ನುತ್ತ ವಾಪಸು ಬಂತು.

ಅಜ್ಜ ಒದ್ದೆಯಾಗಿ ದಡಕ್ಕೆ ಹತ್ತಿದರು. ನನ್ನ ಮುಖ ನೋಡಿ, ತಮ್ಮ ಹಣೆಯನ್ನು ಮುಟ್ಟಿ ತೋರಿಸಿದರು.

"ನಿನಗೆ ಕೆಂಪು ಹತ್ತಿದೆ."

"ಇರಲಿ," ಎಂದೆ.