ಟೈಪಕ್ಕ ಮಿಷಿನ್ ಬಿಟ್ಟುಕೊಡಲಿಲ್ಲ

ಬೀದಿಯವರಿಗೆಲ್ಲ ಅವಳು ಟೈಪಕ್ಕ. ನಾಟಕ ತಂಡಗಳಿಗೆ ಸಂಭಾಷಣೆ ಟೈಪ್ ಮಾಡಿಕೊಡುವುದು ಅವಳ ಕಸುಬು. ಮುಂದಿನ ಕೋಣೆಯ ಕಿಟಕಿ ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಕಂಪ್ಯೂಟರು. ಕೀಬೋರ್ಡಿನ ಅಕ್ಷರಗಳು ಸವೆದು ಬೋಳಾಗಿದ್ದರೂ ಬೆರಳಿಗೆ ದಾರಿ ಗೊತ್ತಿತ್ತು.

ಒಂದು ಬೆಳಿಗ್ಗೆ ಪರದೆಯ ಮೇಲೆ ಸೂಚನೆ ಬಂತು. ಇನ್ನು ಮುಂದೆ ಸುರಕ್ಷತೆಯ ಅಪ್‌ಡೇಟ್ ಇಲ್ಲ, ಹೊಸ ಆವೃತ್ತಿಗೆ ಈ ಯಂತ್ರ ಲಾಯಕ್ಕಿಲ್ಲ. ಬಸ್ ಡಿಪೋದಿಂದ ಊಟಕ್ಕೆ ಬಂದ ತಮ್ಮ ಅದನ್ನು ಓದಿ, ಗುಜರಿಗೆ ಹಾಕಿ ಹೊಸದು ತರೋಣ ಅಂದ.

"ಇದು ಕೆಟ್ಟಿದೆಯೇನೋ?" ಅಂತ ಕೇಳಿದಳು.

"ಕೆಟ್ಟಿಲ್ಲ ಕಣಕ್ಕ. ಇದರ ಕಾಲ ಮುಗೀತು."

"ಅದನ್ನ ಹೇಳೋಕೆ ಅವರು ಯಾರು? ನಿನ್ನೆ ಇದರಲ್ಲೇ ಇಡೀ ಅಂಕ ಟೈಪ್ ಮಾಡಿದ್ದೀನಿ."

ಹಾಗಂತ ಅಪ್‌ಡೇಟ್ ಇಲ್ಲದ ಯಂತ್ರವನ್ನು ಇಂಟರ್ನೆಟ್ಟಿಗೆ ಒಡ್ಡಿಕೊಂಡು ಕೂರುವಷ್ಟು ಪೆದ್ದಿಯೂ ಅವಳಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಗೆಳತಿಯ ಹತ್ತಿರ ಹೋದಳು. ಅಲ್ಲಿನ ಹಳೇ ಕಂಪ್ಯೂಟರುಗಳೆಲ್ಲ ಲಿನಕ್ಸ್ ಎಂಬ ಬೇರೊಂದು ಕಾರ್ಯವ್ಯವಸ್ಥೆಯ ಮೇಲೆ ಓಡುತ್ತಿದ್ದವು, ಪುಕ್ಕಟೆಯಾಗಿ, ಅಪ್‌ಡೇಟ್ ಸಮೇತ. ಅದನ್ನು ಗೆಳತಿ ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಮೊದಲು ಎಲ್ಲ ಫೈಲುಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೋ, ಆ ನಕಲು ನನ್ನ ಕಂಪ್ಯೂಟರಿನಲ್ಲಿ ತೆರೆಯುವವರೆಗೆ ನಂಬಬೇಡ ಅಂದಳು. ಟೈಪಕ್ಕ ನಕಲು ಮಾಡಿ ಡಿಸ್ಕನ್ನು ಅವಳಲ್ಲಿಗೆ ಒಯ್ದು, ಒಂದೊಂದು ನಾಟಕವನ್ನೂ ತೆರೆದು ನೋಡಿದಳು.

ಆಮೇಲೆ ಮನೆಗೆ ಬಂದು, ಹಳೆಯದನ್ನು ಅಳಿಸದೆ, ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಸಿದಳು. ಅದೇನೋ ಸಲೀಸಾಗಿ ಎದ್ದಿತು. ಆದರೆ ನಾಟಕ ತೆರೆದರೆ ರಾಜ ಮಾತಾಡಬೇಕಾದ ಕಡೆ ಬರೀ ಸೊಟ್ಟ ಗೆರೆ, ಚೌಕ. ಹಿಂದೆ ನಿಂತಿದ್ದ ತಮ್ಮ ನಕ್ಕುಬಿಟ್ಟ.

ಅವಳು ಕಂಪ್ಯೂಟರ್ ಆರಿಸಿ, ಪೆನ್‌ಡ್ರೈವ್ ಕಿತ್ತು, ಮತ್ತೆ ಹಚ್ಚಿದಳು. ಹಳೆಯದೆಲ್ಲ ಇದ್ದ ಹಾಗೇ ಇತ್ತು. "ನಗು ನಗು. ನಾನಿನ್ನೂ ಏನೂ ಕಳಕೊಂಡಿಲ್ಲ," ಅಂದಳು.

ಗೆಳತಿಗೆ ಫೋನ್ ಮಾಡಿದಾಗ ಗುಟ್ಟು ತಿಳಿಯಿತು. ಆ ನಾಟಕಗಳು ಹಳೇ ಕಾಲದ ಫಾಂಟಿನಲ್ಲಿದ್ದವು, ಆ ಫಾಂಟು ಗೆಳತಿಯ ಕಂಪ್ಯೂಟರಿನಲ್ಲಿ ಮೊದಲೇ ಇತ್ತು, ಪೆನ್‌ಡ್ರೈವಿನ ಲಿನಕ್ಸಿನಲ್ಲಿ ಇರಲಿಲ್ಲ. ಹಳೆಯದರಿಂದ ಅದನ್ನೂ ಡಿಸ್ಕಿಗೆ ಇಳಿಸಿಕೊಂಡು ಮತ್ತೆ ಪೆನ್‌ಡ್ರೈವಿನಿಂದ ನಡೆಸಿ, ಫಾಂಟನ್ನು ಅಲ್ಲಿ ಸೇರಿಸಿದಳು. ಈ ಸಲ ರಾಜ ಬಾಯಿಬಿಟ್ಟ. ಪ್ರಿಂಟರೂ ಗೊಣಗುತ್ತಲೇ ಒಂದು ಹಾಳೆ ಉಗುಳಿತು.

ಕೊನೆಗೆ ಲಿನಕ್ಸನ್ನು ಕಂಪ್ಯೂಟರಿಗೇ ಶಾಶ್ವತವಾಗಿ ಹಾಕುವಾಗ, ಎಲ್ಲವನ್ನೂ ಅಳಿಸಲೇ ಅಂತ ಪರದೆ ಕೇಳಿತು. ಟೈಪಕ್ಕ ಒತ್ತದೆ ಎದ್ದಳು. ನಕಲಿದ್ದ ಡಿಸ್ಕಿನ ವೈರ್ ಕಿತ್ತು ಬೀರುವಿನೊಳಗಿಟ್ಟು ಬಂದಳು.

"ಬೇಡ ಬಿಡಕ್ಕ, ಯಾಕೆ ಈ ಹಟ," ಅಂದ ತಮ್ಮ.

"ಹಟವೇ ಅಂತಿಟ್ಕೋ," ಅಂದವಳೇ ಒತ್ತಿದಳು.

ಆಮೇಲೆ ಬೀರುವಿನ ಡಿಸ್ಕಿನಿಂದ ನಾಟಕಗಳನ್ನೂ ಫಾಂಟನ್ನೂ ವಾಪಸ್ ಹಾಕಿಕೊಂಡಳು. ಬೇಸರಕ್ಕೆ ಆಡುತ್ತಿದ್ದ ಒಂದು ಇಸ್ಪೀಟಾಟ ಮಾತ್ರ ಹೊಸದರಲ್ಲಿ ಓಡಲಿಲ್ಲ. ಹೋದರೆ ಹೋಗಲಿ ಅಂದುಕೊಂಡಳು. ಆ ವಾರ ತಾಲೀಮಿಗೆ ಹಾಳೆ ಒಯ್ಯಲು ಬಂದ ನಟರು ಕೋಣೆಯಲ್ಲೇ ನಿಂತು ಓದತೊಡಗಿದರು. ಅವರ ಗಲಾಟೆಗೆ ಗದರುತ್ತಾ ಅವಳು ಮುಂದಿನ ಅಂಕ ಟೈಪ್ ಮಾಡುತ್ತಿದ್ದಳು.