ಒಡಕು ಗಂಟೆಯ ಚಕ್ಕಡಿ

ಹೋದ ತಿಂಗಳು ನಮ್ಮೂರ ಸಾಲೆಯಲ್ಲಿ ನನ್ನ ಕೈಗೆ ಒಂದು ಕಾಗದದ ಪೊಟ್ಟಣ ಬಂತು. ಒಳಗೆ ತಂಗಡಿಯ ಬೀಜ. ಬೀಜದಲ್ಲಿ ವಿಶೇಷವೇನೂ ಇರಲಿಲ್ಲ, ಯಲಬುರ್ಗಾ ಸೀಮೆಯಲ್ಲಿ ಹಾದಿಯ ಬದಿಗೆ ತಾನಾಗಿ ಬೆಳೆಯುವ ಗಿಡ ಅದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಗದ ಮಡಚಿದ ರೀತಿ. ಉದ್ದಕ್ಕೆ ಒಂದು ಮಡಿಕೆ, ಅದರ ಅಂಚಿಗೆ ಇನ್ನೊಂದು ಸಣ್ಣ ಮಡಿಕೆ. ಆಮೇಲೆ ಎರಡೂ ತುದಿಗಳು ಹಿಂದಕ್ಕೆ ಹೋಗಿ ಒಂದರ ಬಾಯೊಳಗೆ ಇನ್ನೊಂದು ಸೇರಿಕೊಳ್ಳಬೇಕು. ದಾರ ಬೇಡ, ಅಂಟು ಬೇಡ. ಔಷಧಿಯ ಪುಡಿಯನ್ನು ಹಿಂದೆ ಹಾಗೆ ಕಟ್ಟುತ್ತಿದ್ದರು. ಈಗ ಯಾವ ದವಾಖಾನೆಯಲ್ಲೂ ಯಾರೂ ಕಟ್ಟುವುದಿಲ್ಲ.

ಅಂದು ಸಾಲೆಯಲ್ಲಿ ಒಂದು ಕೂಟವಿತ್ತು. ಹಕ್ಕಿ ನೋಡುವ ಹುಚ್ಚಿನವರು, ಊರ ಗಿಡಗಳನ್ನೇ ಹಿತ್ತಲಲ್ಲಿ ಬೆಳೆಸುವವರು, ಮಾಸ್ತರರು, ಮಕ್ಕಳು ಸೇರಿದ್ದರು. ಹಳಬನೆಂದು ನನ್ನನ್ನೂ ಕೊಪ್ಪಳದಿಂದ ಕರೆಸಿದ್ದರು. ಬಾಗಿಲಲ್ಲಿ ನಿಂತ ಹುಡುಗಿಯೊಬ್ಬಳು ಬಂದವರಿಗೆಲ್ಲ ಒಂದೊಂದು ಪೊಟ್ಟಣ ಕೊಡುತ್ತಿದ್ದಳು. ಈ ಮಡಿಕೆ ಯಾರು ಕಲಿಸಿದರವ್ವಾ ಎಂದು ಕೇಳಿದೆ.

"ಬೀಜ ಹಿಂಗ ಅಲ್ಲೇನ್ರೀ ಕಟ್ಟೋದು, ಅಜ್ಜಾರ" ಎಂದಳು. ಬೇರೆ ರೀತಿಯಲ್ಲೂ ಕಟ್ಟಬಹುದು ಎಂಬುದೇ ಅವಳಿಗೆ ಹೊಳೆದಿರಲಿಲ್ಲ.

ಊರಿಗೆ ಅದನ್ನು ಮೊದಲು ಯಾರು ಕಲಿಸಿದರೆಂದು ನನಗೆ ಗೊತ್ತಿತ್ತು. ನಮ್ಮೂರ ದವಾಖಾನೆಯ ಕಂಪೌಂಡರರು. ಉದ್ದನೆಯ, ತುಸು ಬಾಗಿದ ಮನುಷ್ಯ. ಕನಕಗಿರಿಯ ಕಡೆಯವರು. ತಲೆಯ ಮೇಲೆ ಕರಿ ಟೋಪಿ ಇರುತ್ತಿತ್ತೆಂದು ಬರೆಯಹೊರಟಿದ್ದೆ, ಆದರೆ ಆ ಟೋಪಿ ಉರ್ದು ಸಾಲೆಯ ಮುನಶಿಯವರದೂ ಇರಬಹುದು... ಬೆರಳುಗಳು ಮಾತ್ರ ಖಚಿತ. ಮಾತಾಡುತ್ತಲೇ, ಕೆಳಗೆ ನೋಡದೆಯೇ, ಪೊಟ್ಟಣದ ಮೇಲೆ ಪೊಟ್ಟಣ ಕಟ್ಟಿ ಎಸೆಯುವ ಬೆರಳುಗಳು.

ಅದು ನಿಜಾಮನ ಕಾಲ. ಕಚೇರಿ, ಸಾಲೆ, ದವಾಖಾನೆಗಳಿಗೆ ಶುಕ್ರವಾರ ಸೂಟಿ. ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲಿನ ಶುಕ್ರವಾರ ಕಂಪೌಂಡರರು ದವಾಖಾನೆಯ ಹಿಂದಿನ ಬಯಲಿಗೆ ಊರವರನ್ನು ಕರೆಯುತ್ತಿದ್ದರು. ಪ್ರತಿಯೊಬ್ಬರೂ ಒಂದು ಬೀಜ ತರಬೇಕು. ಜೋಳ, ಸಜ್ಜೆ, ಹತ್ತಿ ನಡೆಯದು, ಯಾರೂ ಬಿತ್ತದೆ ಬೆಳೆಯುವಂಥದ್ದೇ ಆಗಬೇಕು. ತಂದದ್ದನ್ನು ಇಟ್ಟು ಮತ್ತೊಬ್ಬರು ತಂದದ್ದನ್ನು ಒಯ್ಯಬೇಕು. ಒಯ್ದದ್ದನ್ನು ಹಿತ್ತಲಲ್ಲಿ ಊರಿ, ಮರುವರ್ಷ ಅದರದೇ ಬೀಜ ತರಬೇಕು. ಬಯಲಿನಲ್ಲಿ ಅವರದೇ ತೋಟವಿತ್ತು. ತೋಟ ಎಂದರೆ ನಗುವಂಥದ್ದು, ಬರೀ ಕವಳಿಯ ಮುಳ್ಳುಪೊದೆ, ಲೆಕ್ಕಿ, ಆಡುಸೋಗೆ, ಬಾರಿಹಣ್ಣಿನ ಗಿಡ, ಒಂದು ಮೂಲೆಗೆ ಕಕ್ಕೆಯ ಮರ. ಮುನಶಿಯವರು ಪ್ರತಿ ವರ್ಷ ಬಂದು ಪ್ರತಿ ವರ್ಷವೂ ಅಣಕಿಸುತ್ತಿದ್ದರು.

"ಅಲ್ರೀ ಕಂಪೌಂಡರ ಸಾಹೇಬರ, ಮಂದಿ ಕಳೆ ಕೀಳಾಕ ಆಳು ಹುಡುಕ್ತಾರ. ನೀವು ಅದನ್ನ ಪೊಟ್ಟಣ ಕಟ್ಟಿ ಹಂಚ್ತೀರಲ್ಲ."

"ನೀವು ಸಾಲ್ಯಾಗ ಹಂಚೋದಕ್ಕಿಂತ ಇದು ಲಗೂ ಮೊಳಕಿ ಒಡೀತೈತ್ರೀ ಮುನಶಿಯವರ" ಎನ್ನುವರು ಕಂಪೌಂಡರರು. ಮುನಶಿಯವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಪೊಟ್ಟಣದ ಮೇಲೆ ಕನ್ನಡದಲ್ಲೇ ಹೆಸರು ಬರೆಯಬೇಕೆಂಬುದು ಕಂಪೌಂಡರರ ಹಟ. ಆಗ ನನಗೆ ಇಪ್ಪತ್ತೈದು, ಮದುವೆಯಾಗಿತ್ತು, ಒಂದು ಜೊತೆ ಎತ್ತಿನ ಒಕ್ಕಲುತನ. ಸಾಲೆಯಲ್ಲಿ ಉರ್ದು ಕಲಿತವನು, ಕನ್ನಡದ ಅಕ್ಷರಗಳು ಅರ್ಧಮರ್ಧ ಬರುತ್ತಿದ್ದವು. ತಂಗಡಿ, ಉತ್ತರಾಣಿ, ಲೆಕ್ಕಿ, ಕವಳಿ... ನನ್ನ ಬರಹ ತಿದ್ದಿದ್ದು ಈ ಹೆಸರುಗಳ ಮೇಲೆ. ಇದನ್ನು ಬರೆಯುತ್ತಿರುವ ಅಕ್ಷರಗಳೂ ಅವರು ತಿದ್ದಿಸಿದವೇ. ಅವರ ಮೇಲಿನ ದೂರನ್ನು ಬರೆಯಲು ನನ್ನ ಬಳಿ ಬೇರೆ ಅಕ್ಷರಗಳಿಲ್ಲ.

ಬೀಜ ಹಂಚಿದ ಮೇಲೆ ಹಕ್ಕಿ ನೋಡಲು ಹೋಗುವುದು. ಅದಕ್ಕೆ ನನ್ನ ಚಕ್ಕಡಿ.

ನಮ್ಮ ಕಡೆಯ ಕರಿ ಮಣ್ಣಿನ ಬಯಲಿನಲ್ಲಿ ಆಗ ಎರೆಭೂತ ಎಂಬ ದೊಡ್ಡ ಹಕ್ಕಿ ಇತ್ತು. ನಿಂತರೆ ಮನುಷ್ಯನ ಸೊಂಟ ಮುಟ್ಟುವ ಎತ್ತರ, ಬಿಳಿ ಕೊರಳು, ತಲೆಯ ಮೇಲೆ ಕರಿ ಜುಟ್ಟು. ನಡೆದು ಬರುವ ಮನುಷ್ಯನನ್ನು ಕೂಗಳತೆಯಾಚೆಯೇ ಗುರುತಿಸಿ ಹಾರಿಬಿಡುತ್ತಿತ್ತು. ಚಕ್ಕಡಿಗೆ ಮಾತ್ರ ಅಷ್ಟು ಹೆದರುತ್ತಿರಲಿಲ್ಲ. ಎತ್ತು, ಗಾಲಿ, ಗಂಟೆಗಳನ್ನು ಅದು ಹುಟ್ಟಿದಾಗಿನಿಂದ ಕಂಡಿತ್ತು. ಕಂಪೌಂಡರರು ಇದನ್ನು ತಿಳಿದಿದ್ದರು. ನೆಟ್ಟಗೆ ಅದರತ್ತ ಹೊಡೆಯದೆ, ದೂರದಿಂದ ಸುತ್ತು ಹಾಕುತ್ತ, ಒಂದೊಂದು ಸುತ್ತಿಗೂ ತುಸು ಒಳಗೆ ಸರಿಯುತ್ತ ಹೋಗಬೇಕು. ಎರೆ ಮಣ್ಣು ಆರಿರಬೇಕು, ಇಲ್ಲವಾದರೆ ಗಾಲಿ ಹೂತುಬಿಡುತ್ತದೆ. ಯಾರೂ ಕೆಳಗಿಳಿಯಬಾರದು, ಮಾತಾಡಬಾರದು. ನನ್ನ ಎಡಗಡೆಯ ಎತ್ತಿನ ಕೊರಳಲ್ಲಿ ಒಂದು ಒಡಕು ಗಂಟೆ ಇತ್ತು, ಟಣ್ ಎನ್ನದೆ ಟಪ್ ಎನ್ನುತ್ತಿತ್ತು. ಬೇರೆ ಗಂಟೆ ಕಟ್ಟುತ್ತೇನೆಂದರೆ ಕಂಪೌಂಡರರು ಬೇಡವೆಂದರು. ಹಕ್ಕಿಗೆ ಆ ಸದ್ದು ರೂಢಿಯಾಗಿದೆಯಂತೆ. ಮೂರು ಮಳೆಗಾಲಗಳಲ್ಲಿ ಅದು ಎಷ್ಟು ರೂಢಿಯಾಯಿತೆಂದರೆ, ಗಂಡು ಹಕ್ಕಿ ನಮ್ಮೆದುರಿಗೇ ಕೊರಳಿನ ಚೀಲ ಉಬ್ಬಿಸಿ, ಬಾಲ ಬೆನ್ನಿಗೇರಿಸಿ, ಹೆಣ್ಣನ್ನು ಕರೆಯುತ್ತ ನಿಲ್ಲುತ್ತಿತ್ತು. ಚಕ್ಕಡಿಯಲ್ಲಿ ಕೂತ ಏಳೆಂಟು ಮಂದಿ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಅದು ನಿಲ್ಲುತ್ತಿದ್ದದ್ದು ನಮ್ಮ ಹೊಲದಲ್ಲೇ. ಹೆಣ್ಣು ಪ್ರತಿ ವರ್ಷ ಅಲ್ಲೇ ಮೂಡಲ ಮೂಲೆಯಲ್ಲಿ ಬರಿ ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತಿತ್ತು. ಮುಂಗಾರಿನಲ್ಲಿ ನೆಲ ಬೀಳು ಬಿಟ್ಟು, ಕುಂಟೆ ಹೊಡೆದು ಹಸನು ಮಾಡಿ, ಹಿಂಗಾರಿಗೆ ಜೋಳ ಬಿತ್ತುವುದು ನಮ್ಮ ಪದ್ಧತಿ. ಆ ಮೂಲೆಗೆ ಮಾತ್ರ ಅವ್ವ ಕುಂಟೆ ತಾಗಿಸಗೊಡುತ್ತಿರಲಿಲ್ಲ. ಬಾಣಂತನಕ್ಕೆ ತವರಿಗೆ ಬರುವ ಮಗಳಂತೆ ಆ ಹಕ್ಕಿಯನ್ನು ಕುರಿತು ಮಾತಾಡುತ್ತಿದ್ದಳು. ಮೊಟ್ಟೆಯ ಸುದ್ದಿಯನ್ನು ನಾನು ಕಂಪೌಂಡರರಿಗೆ ಹೇಳಿದ್ದು ತಿಳಿದಾಗ ಅವಳು ಬೈಯಲಿಲ್ಲ. "ಬಸರು ಬಾಣಂತನ ಊರಿಗೆಲ್ಲಾ ಸಾರ್ತಾರೇನಪಾ" ಎಂದಳು, ಅಷ್ಟೇ. ಕಂಪೌಂಡರರು ಊರಿನವರಲ್ಲ, ನಮ್ಮವರು ಎಂದು ನಾನು ಉತ್ತರ ಕೊಟ್ಟೆ. ಈ ಮಾತನ್ನು ಆಡಿದ್ದು ನಿಜ. ಆಡಿರದಿದ್ದರೆ ಚೆನ್ನಾಗಿತ್ತು.

ದೊಡ್ಡ ಯುದ್ಧ ಶುರುವಾಗಿ ಒಂದೆರಡು ವರ್ಷಗಳಾಗಿದ್ದವು. ಆ ಮಳೆಗಾಲದಲ್ಲಿ ದವಾಖಾನೆಯ ಹಿಂದಿನ ಬಯಲನ್ನು ಸಪಾಟು ಮಾಡಿ ಊರೂರು ತಿರುಗುತ್ತ ದೌರೆಗೆ ಬರುವ ಸಾಹೇಬರ ಕುದುರೆಗಳಿಗೆ ಲಾಯ ಕಟ್ಟುತ್ತಾರೆಂಬ ಸುದ್ದಿ ಬಂತು. ಹುಕುಂ ಬರೆದಾಗಿದೆ, ದಸ್ತಖತ್ತು ಒಂದೇ ಬಾಕಿ ಎಂದು ಮುನಶಿಯವರು ಹೇಳಿದರು. ಅವರು ಅಂದು ಅಣಕಿಸಲಿಲ್ಲ. ಕಂಪೌಂಡರರು ಹದಿನೈದು ದಿನ ಸರಿಯಾಗಿ ಉಣ್ಣಲಿಲ್ಲ. ಕಕ್ಕೆಯ ಮರದ ಬೊಡ್ಡೆಗೆ ಕೈಯೂರಿ ನಿಂತಿರುತ್ತಿದ್ದರು. ನಾವು ಕೆಲವರು ಅರ್ಜಿ ಬರೆದು ಹೆಬ್ಬೆಟ್ಟು ಒತ್ತಿಕೊಟ್ಟೆವು. ಉತ್ತರ ಬರಲಿಲ್ಲ.

ಆಮೇಲೆ, ದಸ್ತಖತ್ತು ಹಾಕಬೇಕಾದ ಸಾಹೇಬನೇ ದೌರೆಗೆ ಬಂದ.

ಆ ಶುಕ್ರವಾರ ನಾನು ಕುಷ್ಟಗಿಯಲ್ಲಿ ಸೋದರಮಾವನ ಮನೆಯ ಕಾರ್ಯಕ್ಕೆ ಹೋಗುವವನಿದ್ದೆ. ಕಂಪೌಂಡರರಿಗೆ ಅದು ತಿಳಿದಿತ್ತು. ಹಿಂದಿನ ದಿನ ಸಂಜೆ ಮನೆಗೆ ಬಂದು ಅವ್ವನ ಕೈಯ ಮಜ್ಜಿಗೆ ಕುಡಿದರು.

"ತಮ್ಮಾ, ನಾಳೆ ಚಕ್ಕಡಿ ಕೊಡ್ತೀಯೇನು? ಅಳವಂಡಿ ಕಡಿಂದ ಒಂದಿಷ್ಟು ಸಸಿ ತರೋದೈತಿ."

ನೀವು ಕೇಳಬೇಕೇನ್ರಿ ಎಂದೆ. ಸಪಾಟಾಗಲಿರುವ ಬಯಲಿಗೆ ಹೊಸ ಸಸಿ ಯಾಕೆಂದು ಆಗ ನನಗೆ ಹೊಳೆಯಲಿಲ್ಲ. ಆ ಮನುಷ್ಯನ ಛಲ ಎಷ್ಟು ದೊಡ್ಡದು ಎಂದುಕೊಂಡು ನನ್ನ ಕಣ್ಣು ತುಂಬಿತ್ತು. ಹೊರಡುವಾಗ ಅವರು ಎಡ ಎತ್ತಿನ ಕೊರಳು ಸವರಿ, ಗಂಟೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದರು. ಈ ಮುಟ್ಟಿ ನೋಡಿದ್ದನ್ನು ನಾನು ಆಮೇಲೆ ಸೇರಿಸಿಕೊಂಡೆನೇ? ಇರಬಹುದು. ನೆನಪು ತನಗೆ ಬೇಕಾದ ಸಾಕ್ಷಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಮುಂದಿನದನ್ನು ನಾನು ನೋಡಿಲ್ಲ. ನೋಡದಿದ್ದರೂ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅದೇ. ಅವ್ವ ಹುಲ್ಲು ಕೊಯ್ಯಲು ಹೊಲಕ್ಕೆ ಹೋಗಿದ್ದಳು. ದೂರದಲ್ಲಿ ನಮ್ಮ ಚಕ್ಕಡಿ ಸುತ್ತು ಹಾಕುತ್ತಿತ್ತು. ಒಡಕು ಗಂಟೆಯ ಸದ್ದು ಕೇಳಿತು. ಕುಷ್ಟಗಿಗೆ ಹೋಗದೆ ನಾನೇ ಹಿಂದಿರುಗಿದೆನೆಂದು ತಿಳಿದು ಅವಳು ಕುಡುಗೋಲಿನ ಕೈ ಎತ್ತಿ ಬೀಸಿದಳು. ಚಕ್ಕಡಿಯಲ್ಲಿದ್ದವರು ತಿರುಗಿ ನೋಡಲಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು, ಮೂರನೆಯದು ಇನ್ನೂ ಸಣ್ಣದು. ಗಂಡು ಹಕ್ಕಿ ನಿಂತಲ್ಲೇ ಕೊರಳು ಉಬ್ಬಿಸಿಕೊಂಡು ನಿಂತಿತ್ತು. ಕಂಬಳಿ ಹೊದ್ದು ಕೂತಿದ್ದ ಸಾಹೇಬ ಎದ್ದು ಗುಂಡು ಹಾರಿಸಿದ.

ಸಂಜೆ ನಾನು ಬಂದಾಗ ಚಕ್ಕಡಿ ಅಂಗಳದಲ್ಲಿತ್ತು. ಎತ್ತುಗಳಿಗೆ ನೀರು ಕುಡಿಸಿ, ಮೈ ಒರೆಸಿ ಕಟ್ಟಿದ್ದರು. ಚಕ್ಕಡಿಯ ಹಲಗೆಯ ಮೇಲೆ ಘಾಟು ವಾಸನೆಯ ಲೆಕ್ಕಿಯ ಸೊಪ್ಪು ಹಾಸಿತ್ತು. ಸಸಿ ತಂದ ಗುರುತೆಂದು ಸೊಪ್ಪು ಸರಿಸಿದೆ. ಹಲಗೆಯ ಸಂದಿಯಲ್ಲಿ ರಕ್ತ ಕರ್ರಗೆ ಹೆಪ್ಪುಗಟ್ಟಿತ್ತು, ಅದರಲ್ಲೊಂದು ಕಂದು ಗರಿ ಅಂಟಿಕೊಂಡಿತ್ತು. ಅವ್ವ ಒಳಗಿನಿಂದ ಬಂದಳು.

"ಎತ್ತಿನ ಗಂಟಿ ಬಿಚ್ಚು. ನಾನು ನೀನ ಅಂತ ತಿಳಕೊಂಡೆ... ಅದೂ ಹಂಗ ತಿಳಕೊಂತು."

ನೇರ ದವಾಖಾನೆಗೆ ಹೋದೆ. ಸೂಟಿಯಿದ್ದರೂ ಕಂಪೌಂಡರರು ಮೇಜಿನ ಮುಂದೆ ಕೂತು ಪುಡಿ ಕಟ್ಟುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ತ್ವಾಟ ಉಳೀತು, ತಮ್ಮಾ" ಎಂದರು. "ಲಾಯ ಕೆರಿ ಕಡೆ ಕಟ್ತಾರಂತ. ಇನ್ನ ಯಾರೂ ಇದನ್ನ ಮುಟ್ಟೂದಿಲ್ಲ."

"ನನ್ನ ಚಕ್ಕಡಿ ಯಾಕ ಬೇಕಾಗಿತ್ರಿ? ಊರಾಗ ಮತ್ತ ಚಕ್ಕಡಿ ಇದ್ದಿದ್ದಿಲ್ಲೇನ್ರಿ?"

ಅವರು ಸುಳ್ಳು ಹೇಳಬಹುದಿತ್ತು. ನನಗೆ ಒಂದು ಸುಳ್ಳು ಬೇಕಾಗಿತ್ತು ಕೂಡ.

"ಬ್ಯಾರೆ ಚಕ್ಕಡಿಗೆ ಅದು ನಿಲ್ತಿದ್ದಿಲ್ಲ" ಎಂದರು. ಕಟ್ಟಿದ ಪೊಟ್ಟಣವನ್ನು ಬದಿಗೆ ಎಸೆದು, "ಹಕ್ಕಿ ಇನ್ನೂ ಅದಾವಪಾ. ಈ ಗಿಡ ಹ್ವಾದ್ರ ಮತ್ತ ಎಲ್ಲಿಂದ ತರ್ತಿದ್ದಿ?"

ಇದಕ್ಕೆ ನಾನು ಏನೋ ಹೇಳಿದೆ. ಬಹಳ ವರ್ಷಗಳ ತನಕ, ಖಾರವಾದ ಉತ್ತರವನ್ನೇ ಕೊಟ್ಟೆನೆಂದು ಹೆಂಡತಿಗೆ, ಮಕ್ಕಳಿಗೆ ಹೇಳುತ್ತ ಬಂದೆ. ಹೇಳಿದಷ್ಟು ಸಲ ಉತ್ತರ ಇನ್ನಷ್ಟು ಖಾರವಾಯಿತು. ನಿಜವಾಗಿ, ಏನೂ ಹೇಳದೆ ಬಂದೆನೆಂದು ಈಗ ಅನಿಸುತ್ತದೆ. ಮೇಜಿನ ಮೇಲಿಂದ ಉರುಳಿದ ಒಂದು ಪೊಟ್ಟಣವನ್ನು ಎತ್ತಿ ಅವರ ಕೈಗೇ ಕೊಟ್ಟು ಬಂದೆನೋ ಏನೋ...

ಹೆಣ್ಣು ಹಕ್ಕಿ ಮೊಟ್ಟೆಗೆ ಮರಳಲಿಲ್ಲ. ನಾಲ್ಕು ದಿನ ಕಾದು ಅವ್ವ ಹೋಗಿ ಮುಟ್ಟಿ ನೋಡಿದಳು, ತಣ್ಣಗಾಗಿತ್ತು. ಅಲ್ಲೇ ಮಣ್ಣು ಮುಚ್ಚಿ ಬಂದಳು. ಮುಂದಿನ ಮುಂಗಾರಿನಲ್ಲಿ ಬೀಜದ ಶುಕ್ರವಾರ ಎಂದಿನಂತೆ ನಡೆಯಿತು. ಹಿಂದಿಗಿಂತ ಹೆಚ್ಚು ಮಂದಿ ಸೇರಿದ್ದರಂತೆ. ಹಕ್ಕಿ ನೋಡಲು ಹೋಗಲಿಲ್ಲವಂತೆ. ನಾನು ಹೋಗಿರಲಿಲ್ಲ, ನನಗೆ ಹೇಳಿ ಕಳಿಸಿಯೂ ಇರಲಿಲ್ಲ. ಕೆಲ ವರ್ಷಗಳಾದ ಮೇಲೆ ಅವರಿಗೆ ಗಂಗಾವತಿಗೆ ಬದಲಿಯಾಯಿತು. ಹೊರಡುವ ದಿನ ನಮ್ಮ ಓಣಿಯ ಬಾಯಿಗೆ ಬಂದು ತುಸು ಹೊತ್ತು ನಿಂತಿದ್ದರೆಂದು ಹೆಂಡತಿ ಹೇಳಿದಳು. ನಾನು ಹಿತ್ತಲಲ್ಲಿದ್ದೆ. ಹೊರಗೆ ಬರಲಿಲ್ಲ. ಆಮೇಲೆ ಅವರು ಎಲ್ಲಿ, ಯಾವಾಗ ತೀರಿಕೊಂಡರೋ ತಿಳಿಯದು.

ಅವ್ವ ಇರುವ ತನಕ ಮೂಡಲ ಮೂಲೆಗೆ ಕುಂಟೆ ತಾಗಲಿಲ್ಲ. ಹಕ್ಕಿ ಬರಲಿಲ್ಲ, ಮೂಲೆ ಕಾದಿತ್ತು. ಅವಳು ಹೋದ ಮರುವರ್ಷ ನಾನೇ ಅದನ್ನು ಉತ್ತೆ. ಆ ಪಟ್ಟಿಯಲ್ಲಿ ಜೋಳ ಆಳೆತ್ತರ ಬಂತು. ಕಂಪೌಂಡರರ ಲೆಕ್ಕವನ್ನು ನಾನೂ ಹಾಕಿದೆನೆಂದು ಆಗ ಅನಿಸಿರಲಿಲ್ಲ.

ಹೋದ ತಿಂಗಳ ಕೂಟದಲ್ಲಿ ಮಾಸ್ತರರೊಬ್ಬರು ದೊಡ್ಡ ಚಿತ್ರ ಎತ್ತಿ ಹಿಡಿದರು. ಬಿಳಿ ಕೊರಳು, ಕರಿ ಜುಟ್ಟು. ಈ ಹಕ್ಕಿ ನಮ್ಮ ಎರೆಯಲ್ಲಿ ಇತ್ತಂತೆ, ಹಿರಿಯರಲ್ಲಿ ಯಾರಾದರೂ ಕಣ್ಣಾರೆ ಕಂಡಿದ್ದರೆ ಕೈ ಎತ್ತಬೇಕು ಎಂದರು. ಮಕ್ಕಳೆಲ್ಲ ನಮ್ಮ ಸಾಲಿನ ಕಡೆ ತಿರುಗಿದರು. ಅವ್ವ ಕುಡುಗೋಲು ಹಿಡಿದು ಎತ್ತಿದ ಕೈ ನೆನಪಾಯಿತು. ನನ್ನ ಕೈ ಏಳಲಿಲ್ಲ.

ಬರುವಾಗ ದವಾಖಾನೆಯ ಹಿಂದೆ ಹಾದು ಬಂದೆ. ತೋಟ ಇದೆ. ಕಕ್ಕೆಯ ಮರ ಈಗ ಎರಡು ಕೈಗಳ ತೆಕ್ಕೆಗೆ ಸಿಗದಷ್ಟು ದಪ್ಪವಾಗಿದೆ. ಲೆಕ್ಕಿ ಬೇಲಿಯುದ್ದಕ್ಕೂ ಹಬ್ಬಿದೆ. ಅದರ ವಾಸನೆ ಬಂದಲ್ಲೆಲ್ಲ ನಾನು ಬೇಗ ನಡೆದು ದಾಟಿದೆ.

ಕೊಪ್ಪಳದ ಮನೆಯಲ್ಲಿ ಆ ಪೊಟ್ಟಣ ಬಿಚ್ಚಿ ಬೀಜ ನೋಡಿದೆ. ಊರಲು ಮನಸ್ಸಾಗಲಿಲ್ಲ, ಎಸೆಯಲೂ ಆಗಲಿಲ್ಲ. ಬೀಜವನ್ನು ಕಾಗದಕ್ಕೆ ಮರಳಿ ಸುರಿದು ಬೇರೇನನ್ನೋ ಯೋಚಿಸುತ್ತ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಕೆಳಗೆ ನೋಡಿದರೆ ಪೊಟ್ಟಣ ಕಟ್ಟಿಯಾಗಿತ್ತು. ಉದ್ದಕ್ಕೊಂದು ಮಡಿಕೆ, ಅಂಚಿಗೊಂದು, ಒಂದು ತುದಿಯ ಬಾಯೊಳಗೆ ಇನ್ನೊಂದು ತುದಿ. ನನ್ನ ಬೆರಳುಗಳು ನನ್ನನ್ನು ಕೇಳಿರಲಿಲ್ಲ.