ಅತ್ತೆಯ ದನಿಯ ಅಡಿಯಲ್ಲಿ

ನಮ್ಮ ಸೋದರಮಾವನಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ರಿವೈಂಡ್ ಮಾವ. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗುವುದು, ಅಲ್ಲಿಂದ ವಾಪಸು ಬಂದು ಬೀಗ ಎಳೆದು ನೋಡುವುದು ಅವನ ನಿತ್ಯದ ಕೆಲಸ. ಮಲಗಿದ ಮೇಲೂ ಎದ್ದು ಚಿಲಕ ಮುಟ್ಟಿ ಬರಬೇಕು. ಅತ್ತೆ ಹಾಸಿಗೆಯಿಂದಲೇ ಗದರುತ್ತಿದ್ದಳು: “ಬಾಗಿಲು ಹಾಕಿದೆ ರೀ. ಮಲ್ಕೊಳ್ಳಿ.”

ಅತ್ತೆ ಮಾತಿನಮಲ್ಲಿ. ಸೊಪ್ಪು ತರಲು ಹೋದವಳು ಅಂಗಡಿಯವಳ ವಂಶದ ಕಥೆಯನ್ನೆಲ್ಲ ಕೇಳಿ, ತನ್ನದನ್ನೂ ಹೇಳಿ, ಸೊಪ್ಪು ಮರೆತು ಬರುತ್ತಿದ್ದಳು. ಓದಲೆಂದು ಆ ಮನೆಯಲ್ಲಿದ್ದ ವರ್ಷಗಳಲ್ಲಿ ನಾನು ಓದಿದ್ದು ಅಷ್ಟಕ್ಕಷ್ಟೇ. ನಾಲಿಗೆ ಮಾತ್ರ ಚೆನ್ನಾಗಿ ಹರಿತವಾಯಿತು.

ಮಾವನ ಕೆಲಸ ಗಂಟಲು ರೋಗದ ಆಸ್ಪತ್ರೆಯಲ್ಲಿ. ಧ್ವನಿಪೆಟ್ಟಿಗೆ ತೆಗೆಯಲೇಬೇಕಾದ ರೋಗಿಗಳ ದನಿಯನ್ನು ಆಪರೇಷನ್ನಿನ ಹಿಂದಿನ ದಿನ ಅಲ್ಲಿ ಮುದ್ರಿಸಿಕೊಳ್ಳುತ್ತಾರೆ. ಗೋಡೆಗೆಲ್ಲ ಕಂಬಳಿ ಹೊಡೆದ ಸಣ್ಣ ಕೋಣೆ, ಒಂದು ಕುರ್ಚಿ, ಒಂದು ಮೈಕು. ಯಾರಿಗೆ ಏನು ಹೇಳಬೇಕೋ ಹೇಳಬಹುದು, ಒಂದು ಗಂಟೆಯಾದರೂ ಯಾರೂ ಎಬ್ಬಿಸುವುದಿಲ್ಲ. ಆ ದನಿಗಳನ್ನು ಮ್ಯಾಗ್ನೆಟಿಕ್ ಟೇಪಿಗೆ ಇಳಿಸಿ ಕಾಪಾಡುವವನು ಮಾವ. ಟೇಪಿನ ಕೋಣೆಯನ್ನು ಸದಾ ತಣ್ಣಗಿಡಬೇಕು. ಹಾಗಾಗಿ ವರ್ಷವಿಡೀ ಅವನ ಮೈಮೇಲೆ ಮೊಣಕೈ ಹರಿದ ಒಂದು ಸ್ವೆಟರ್.

ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಅವನು, ಟೇಪಿಗೆ ಬರೆಯಲು ಮತ್ತು ಅದರಿಂದ ಓದಲು, ಟಾರ್ ಎಂಬ ಹಳೆಯ ಕಾಲದ ಆಜ್ಞೆಯನ್ನು ಟೈಪು ಮಾಡುತ್ತಿದ್ದ. ಅದಕ್ಕೆ ಚಿತ್ರವಿಲ್ಲ, ಗುಂಡಿಯಿಲ್ಲ. ಹೇಳಿದ್ದನ್ನು ಮಾಡುತ್ತದೆ. ‘ಖಂಡಿತ ಮಾಡಲೇ?’ ಎಂದು ಕೇಳುವುದಿಲ್ಲ, ಮಾಡಿದ ಮೇಲೆ ತುಟಿ ಪಿಟಕ್ಕೆನ್ನುವುದಿಲ್ಲ.

“ನಿಮಗೆ ತಕ್ಕ ಜೋಡಿ ಅದೇ. ನನ್ನನ್ನ್ಯಾಕೆ ಕಟ್ಕೊಂಡ್ರಿ?” ಎನ್ನುತ್ತಿದ್ದಳು ಅತ್ತೆ.

ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಟೇಪನ್ನು ಹಳೆಯದೆಲ್ಲ ಮುಗಿಯುವ ಜಾಗದವರೆಗೆ ಸುತ್ತಬೇಕು. ಆಮೇಲೆ ಹೊಸದನ್ನು ಬರೆಯಬೇಕು. ಕೊನೆಗೆ, ಬರೆದದ್ದನ್ನು ಯಂತ್ರದಿಂದಲೇ ಓದಿಸಿ ತಾಳೆ ನೋಡಬೇಕು. ಅದಾಗುವ ತನಕ ಮಾವನ ಬಾಯಲ್ಲಿ ‘ಆಯ್ತು’ ಎಂಬ ಮಾತು ಬರುತ್ತಿರಲಿಲ್ಲ.

ವಿಧಿಗೆ ಕರುಣೆ ಇಲ್ಲದಿದ್ದರೆ ಹೋಗಲಿ, ನಾಚಿಕೆಯಾದರೂ ಬೇಡವೇ? ಗಂಟಲಿನ ರೋಗ ಬಂದದ್ದು ಅತ್ತೆಗೇ. ಅವಳು ಕಂಬಳಿ ಕೋಣೆಗೆ ಹೋದಾಗ ಒಂದು ಗಂಟೆ ಯಾತಕ್ಕೂ ಸಾಲದು ಎಂದು ನಾವು ನಗಲು ನೋಡಿದೆವು. ಹೋದಷ್ಟೇ ಬೇಗ ಹೊರಗೆ ಬಂದಳು. ಮರುದಿನ ಅವಳನ್ನು ಆಪರೇಷನ್ನಿಗೆ ಒಯ್ದಾಗ ಮಾವನಿಗೆ ಬೆಂಚಿನ ಮೇಲೆ ಕೂರಲಾಗಲಿಲ್ಲ. ತಣ್ಣನೆಯ ಕೋಣೆಗೆ ಹೋಗಿ ಅವಳ ದನಿಯೊಂದನ್ನೇ ಟೇಪಿಗೆ ಬರೆದ, ತಾಳೆ ನೋಡಿದ. ಸರಿಯಾಗಿತ್ತು. ಟೇಪಿನ ಮೇಲೆ ಇನ್ನು ಬರೆಯಲಾಗದಂತೆ ಚಿಲಕ ಸರಿಸಿ ಕಪಾಟಿನಲ್ಲಿಟ್ಟ.

ಅತ್ತೆ ಉಳಿದಳು, ದನಿ ಹೋಯಿತು. ಮಾತಿಗೆ ಒಂದು ಸ್ಲೇಟು, ಗದರುವುದಕ್ಕೆ ಪಾತ್ರೆಯ ಮೇಲೆ ಸೌಟು. ಮಾವ ಆ ಮುದ್ರಣವನ್ನು ಕೇಳಲೇ ಇಲ್ಲ. ಅದು ಎಷ್ಟು ಚಿಕ್ಕದೆಂಬುದು ಅವನಿಗೆ ಗೊತ್ತಿತ್ತು, ಅದೇ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. “ಬೇರೆಯವರು ಗಂಟೆಗಟ್ಲೆ ಮಾತಾಡಿ ಹೋಗಿದಾರೆ. ಇವಳಿಗೆ ನನ್ಹತ್ರ ಹೇಳೋದು ಅಷ್ಟೇನಾ ಇದ್ದಿದ್ದು?” ಎಂದು ಒಮ್ಮೆ ನನ್ನ ಬಳಿ ಹೇಳಿದ್ದ.

ಕೆಲವು ವರ್ಷಗಳಾದ ಮೇಲೆ ಹೊಲಿಗೆ ಕೆಲಸದ ಹೆಂಗಸೊಬ್ಬಳು ಆಸ್ಪತ್ರೆಗೆ ಬಂದಳು. ಗಡಿಯಾರ ರಿಪೇರಿ ಮಾಡುತ್ತಿದ್ದ ಅವಳ ಅಪ್ಪ ಅಲ್ಲೇ ದನಿ ಕೊಟ್ಟು, ಆಮೇಲೆ ತೀರಿಕೊಂಡಿದ್ದ. “ಅಮ್ಮಂಗೆ ಈಗ ಕಣ್ಣು ಕಾಣ್ಸಲ್ಲ. ಫೋಟೋ ತೋರ್ಸಿ ಏನು ಮಾಡ್ಲಿ? ಒಂದ್ಸಲ ಅಪ್ಪನ ದನಿ ಕೇಳಿಸ್ಬೇಕು.”

ಮಾವ ಟೇಪು ಹಾಕಿ ಪಟ್ಟಿ ಕೇಳಿದ. ಪರದೆಯ ಮೇಲೆ ಬಂದದ್ದು ಒಂದೇ ಹೆಸರು, ಅತ್ತೆಯದು. ಅಲ್ಲಿಗೆ ಟೇಪು ಮುಗಿಯಿತೆಂದಿತು ಯಂತ್ರ. ಆಗ ಅವನಿಗೆ ಹೊಳೆಯಿತು: ಅತ್ತೆಯ ಆಪರೇಷನ್ನಿನ ದಿನ ಟೇಪನ್ನು ಮುಂದಕ್ಕೆ ಸುತ್ತಿರಲೇ ಇಲ್ಲ. ಹಳೆಯ ದನಿಗಳ ತಲೆಯ ಮೇಲೆಯೇ ಹೆಂಡತಿಯ ದನಿಯನ್ನು ಬರೆದಿದ್ದ. ಬರೆದದ್ದು ಸರಿಯಾಗಿಯೇ ಇದ್ದುದರಿಂದ ತಾಳೆಯೂ ಬಿದ್ದಿತ್ತು. ಬೀಗ ಎರಡು ಸಲ ಎಳೆಯುವವನ ಹಣೆಯಲ್ಲಿ ಹೀಗೆ ಬರೆದಿತ್ತು. ಎರಡನೇ ಪ್ರತಿಗೆಂದು ಅವನು ಬೇಡಿದ್ದ ಟೇಪುಗಳು ಬಂದೇ ಇರಲಿಲ್ಲ.

“ಟೇಪು ಹಳೇದಾಗಿ ಹೋಯ್ತು ಅಂದ್ಬಿಡಿ, ಯಾರಿಗೆ ಗೊತ್ತಾಗುತ್ತೆ?” ಎಂದರು ದೊಡ್ಡ ಡಾಕ್ಟರು. ಮಾವ ಹೊರಗೆ ಹೋಗಿ ಆ ಹೆಂಗಸಿನ ಮುಂದೆ ನಿಂತ. “ತಪ್ಪು ನಂದು ಕಣಮ್ಮ. ನನ್ನ ಹೆಂಡತಿ ದನಿ ಉಳಿಸೋ ಭರದಲ್ಲಿ ನಿಮ್ಮಪ್ಪಂದರ ಮೇಲೆ ಬರೆದ್ಬಿಟ್ಟೆ.” ಅವಳು ಬೈಯಲಿಲ್ಲ, ಅಳಲೂ ಇಲ್ಲ. “ನಾಳೆ ಕರ್ಕೊಂಡು ಹೋಗ್ತೀನಿ ಅಂತ ಅಮ್ಮಂಗೆ ಹೇಳಿದ್ದೆ,” ಎಂದಷ್ಟೇ ಹೇಳಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಂದೇ ಒಂದು ದಾರಿ ಉಳಿದಿತ್ತು. ಬರೆದದ್ದರ ಕೊನೆಗೆ ಯಂತ್ರ ಹಾಕುವ, ಮುಗಿಯಿತೆಂಬ ಗುರುತಿನ ಆಚೆಗೆ ಹಳೆಯ ದನಿಗಳು ಇನ್ನೂ ಇರಬಹುದು, ಆದರೆ ಯಂತ್ರ ಆ ಗುರುತನ್ನು ದಾಟುವುದಿಲ್ಲ. ಆ ಗುರುತು ಅಳಿಯುವಂತೆ ಅದರ ಮೇಲೆಯೇ ಏನನ್ನಾದರೂ ಬರೆಯಲು ಹೇಳಿ, ಹೊಸ ಗುರುತು ಹಾಕುವ ಮೊದಲು ಕರೆಂಟು ಕಿತ್ತುಬಿಡಬೇಕು. ಟೇಪು ಸಿಕ್ಕಿಕೊಂಡು ಹರಿದರೆ ಎಲ್ಲವೂ ಹೋದ ಹಾಗೆ. ಗಡಿಯಾರದವನ ದನಿ ಇದ್ದದ್ದು ಟೇಪಿನ ಮೊದಲಲ್ಲೇ, ಎರಡನೆಯದಾಗಿ. ಅದರ ಉಳಿವು ಅತ್ತೆ ಎಷ್ಟು ಮಾತಾಡಿದ್ದಳು ಎಂಬುದರ ಮೇಲೆ ನಿಂತಿತ್ತು.

ಮಾವ ಅತ್ತೆಯ ದನಿಯನ್ನು ಬೇರೆಡೆ ತೆಗೆದಿಟ್ಟು, ಟೇಪಿನ ಚಿಲಕವನ್ನು ಹಿಂದಕ್ಕೆ ಸರಿಸಿ, ಆಜ್ಞೆ ಕೊಟ್ಟು, ವೈರು ಕಿತ್ತ. ಮತ್ತೆ ಕರೆಂಟು ಕೊಟ್ಟು, ಟೇಪನ್ನು ಆ ಜಾಗ ದಾಟಿಸಿ, ಓದು ಎಂದ. ಈ ದನಿಯ ತಲೆ ಸಿಗುತ್ತಿಲ್ಲ, ಮುಂದಿನದನ್ನು ಹುಡುಕುತ್ತಿದ್ದೇನೆ ಎಂದಿತು ಟಾರ್. ಅಷ್ಟು ವರ್ಷಗಳಲ್ಲಿ ಅದು ತಾನಾಗಿ ಬಾಯಿ ಬಿಟ್ಟದ್ದು ಅಂದೇ ಎಂದು ಮಾವ ಹೇಳುತ್ತಾನೆ. ಆಮೇಲೆ ಗಡಿಯಾರದವನ ಹೆಸರು ಬಂತು. ಅವನ ಹಿಂದೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಬಂದರು.

ಮೊದಲನೆಯದೊಂದು ಸಿಗಲಿಲ್ಲ. ಅದು ಒಬ್ಬ ಬಸ್ ಡ್ರೈವರನ ದನಿ, ಯಾರೂ ಕೇಳಿಕೊಂಡು ಬಂದಿರಲಿಲ್ಲ. ಮಾವ ತಾನೇ ಅವನ ಅಣ್ಣನನ್ನು ಹುಡುಕಿಕೊಂಡು ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹೊಟ್ಟೆ ತುಂಬ ಬೈಸಿಕೊಂಡು ಬಂದ.

ಗಡಿಯಾರದವನ ದನಿ ಸಿಕ್ಕ ಮರುದಿನ ಕಣ್ಣು ಕಾಣದ ಆ ಮುದುಕಿಯನ್ನು ಕೂರಿಸಿ ಕೇಳಿಸಿದರು. “ಏ, ಕೇಳಿಸ್ತಿದೆಯೇನೆ?” ಎಂದು ಶುರುವಾಯಿತು ಗಂಡನ ದನಿ. “ಹೂಂ, ಕೇಳಿಸ್ತಿದೆ, ಹೇಳಿ,” ಎಂದು ಸೆರಗು ಸರಿಮಾಡಿಕೊಂಡಳು ಮುದುಕಿ.

ಅಂದು ಸಂಜೆ ಮಾವ ಮನೆಗೆ ಬಂದು ಅತ್ತೆಯ ಎದುರಲ್ಲೇ ಅವಳ ದನಿಯನ್ನು ಮೊದಲ ಸಲ ಕೇಳಿದ.

“ಬಾಗಿಲು ಹಾಕಿದೆ ರೀ. ಮಲ್ಕೊಳ್ಳಿ.”

ಅಷ್ಟೇ. ಮಾವ ಸ್ವೆಟರಿನ ತೋಳಿನಲ್ಲಿ ಮುಖ ಒರೆಸಿಕೊಂಡು, ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿದ: “ಒಂದು ಗಂಟೆ ಇತ್ತಲ್ಲೇ. ಯಾಕಿಷ್ಟೇ ಮಾತಾಡ್ದೆ?”

ಅತ್ತೆ ಒದ್ದೆ ಕೈ ಒರೆಸಿಕೊಂಡು ಸ್ಲೇಟು ತೆಗೆದುಕೊಂಡಳು. ‘ಹೊರಗೆ ಬೆಂಚಿನ ತುಂಬ ಜನ ಕಾಯ್ತಿದ್ರು. ಎಲ್ರಿಗೂ ಮರುದಿನವೇ ಆಪರೇಷನ್’ ಎಂದು ಬರೆದಳು. ಅದನ್ನು ಒರೆಸಿ ಮತ್ತೆ ಬರೆದಳು: ‘ನಿಮ್ಹತ್ರ ನಾನು ಮೊದ್ಲೇ ಬೇಕಾದಷ್ಟು ಮಾತಾಡಿದ್ದೆನಲ್ಲ.’